ಮೊಳೆತ ಕಾಳಿನ ರಸಾಯನ

ಒಣಗಿದ ಬಾರ್ಲಿಯ ಕಾಳೊಂದನ್ನು ಬಾಯಿಗೆ ಹಾಕಿಕೊಂಡು ಕಡಿದರೆ ಬರಿಯ ಹಿಟ್ಟಿನ ರುಚಿ ತೋರುವುದೇ ಹೊರತು ಸಿಹಿಯ ಸುಳಿವೂ ಇರುವುದಿಲ್ಲ. ಅದೇ ಬಾರ್ಲಿಯನ್ನು ನೆನೆಹಾಕಿ, ಮೊಳೆಯಿಸಿ, ಒಣಗಿಸಿ, ತರಿಯಾಗಿ ಒಡೆದು, ಹದವಾದ ಬಿಸಿನೀರಿನಲ್ಲಿ ಒಂದು ಗಂಟೆಯ ಕಾಲ ಇಟ್ಟರೆ ಆ ನೀರು ತೆಳುವಾದ ಪಾನಕದಂತೆ ಸಿಹಿಯಾಗುವುದು. ಹೊರಗಿನಿಂದ ಒಂದು ಚಿಟಿಕೆ ಸಕ್ಕರೆಯನ್ನೂ ಯಾರೂ ಬೆರೆಸಿಲ್ಲ. ಹಾಗಾದರೆ ಈ ಸಿಹಿ ಎಲ್ಲಿಂದ ಬಂದಿತು? ಬಿಯರಿನ ತಯಾರಿಕೆಯೆಲ್ಲವೂ ಈ ಒಂದು ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ. ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ತಮ್ಮ ಅಡಿಗೆಮನೆಯಲ್ಲಿಯೇ ಧಾನ್ಯದಿಂದ ಬಿಯರ್ ತಯಾರಿಸುವ ಸಾವಿರಾರು ಹವ್ಯಾಸಿಗಳು ಮೊದಲು ಕಲಿಯುವ ಪಾಠವೂ ಇದೇ.

ಮನೆಯ ಕಸುಬು, ಕಾನೂನಿನ ಕಟ್ಟು

ಇಂಗ್ಲೆಂಡಿನಲ್ಲಿ ಬಿಯರ್ ಹಿಂದೆ ಮನೆಯ ಪದಾರ್ಥವಾಗಿತ್ತು. ರೊಟ್ಟಿ ಸುಡುವ ಗೃಹಿಣಿಯೇ ಅದನ್ನೂ ತಯಾರಿಸುತ್ತಿದ್ದಳು. ಕೈಗಾರಿಕೆ ಬೆಳೆದಂತೆ ಈ ಕೆಲಸ ಕಾರ್ಖಾನೆಗಳ ಪಾಲಾಯಿತು. ೧೮೮೦ರಲ್ಲಿ ಬಿಯರಿನ ಸುಂಕದ ಪದ್ಧತಿಯೇ ಬದಲಾಗಿ, ಮನೆಯಲ್ಲಿ ಅದನ್ನು ತಯಾರಿಸುವವರೂ ಪರವಾನಗಿ ಪಡೆಯಬೇಕಾಯಿತು. ೧೯೬೩ರಲ್ಲಿ ಅರ್ಥಮಂತ್ರಿ ರೆಜಿನಾಲ್ಡ್ ಮಾಡ್ಲಿಂಗ್ ತಮ್ಮ ಆಯವ್ಯಯದಲ್ಲಿ ಈ ನಿರ್ಬಂಧವನ್ನು ತೆಗೆದುಹಾಕಿದರು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ೧೯೭೮ರ ಅಕ್ಟೋಬರಿನಲ್ಲಿ ಸಹಿ ಮಾಡಿದ ಶಾಸನವು ಕೇಂದ್ರ ಸರಕಾರದ ನಿಷೇಧವನ್ನು ಸಡಿಲಿಸಿತು. ಆದರೆ ಅಲ್ಲಿ ಪ್ರತಿಯೊಂದು ರಾಜ್ಯಕ್ಕೂ ತನ್ನದೇ ಆದ ಕಾನೂನಿದ್ದುದರಿಂದ ಕೊನೆಯ ಎರಡು ರಾಜ್ಯಗಳಾದ ಮಿಸಿಸಿಪಿ ಮತ್ತು ಅಲಬಾಮಗಳು ಅನುಮತಿ ಕೊಟ್ಟುದು ೨೦೧೩ರಲ್ಲಿ.

ಮೊದಲ ದಿನಗಳ ಹವ್ಯಾಸಿಗಳಲ್ಲಿ ಬಹುಮಂದಿ ಡಬ್ಬಿಯಲ್ಲಿ ದೊರೆಯುವ ಮಾಲ್ಟ್ ಪಾಕವನ್ನು ತಂದು ನೀರಿನಲ್ಲಿ ಕರಗಿಸುತ್ತಿದ್ದರು. ಜೋನಿಬೆಲ್ಲದಂತಹ ಈ ಪಾಕದಲ್ಲಿ ಧಾನ್ಯದ ಪಿಷ್ಟವು ಆಗಲೇ ಸಕ್ಕರೆಯಾಗಿರುತ್ತದೆ. ಮುಖ್ಯವಾದ ರಸಾಯನಕ್ರಿಯೆಯನ್ನು ಕಾರ್ಖಾನೆಯೇ ಮಾಡಿ ಮುಗಿಸಿರುತ್ತದೆ. ಇದಕ್ಕೆ ಬದಲಾಗಿ ಇಡಿಯ ಧಾನ್ಯದಿಂದಲೇ ಆರಂಭಿಸುವ ಕ್ರಮವೊಂದುಂಟು. ಅದು ಬಹಳ ಕಠಿನವೆಂದು ಹೊಸಬರು ಹಿಂಜರಿಯುವರು. ವಾಸ್ತವವಾಗಿ ಅಲ್ಲಿ ಹೊಸದಾಗಿ ಕಲಿಯಬೇಕಾದ ವಿದ್ಯೆ ಒಂದೇ: ಒಂದು ಪಾತ್ರೆಯ ನೀರನ್ನು ಒಂದು ಗಂಟೆಯ ಕಾಲ ಒಂದೇ ಉಷ್ಣತೆಯಲ್ಲಿ ಕಾಪಾಡುವುದು. ಉಳಿದ ಕೆಲಸವನ್ನು ಕಾಳು ತಾನೇ ಮಾಡಿಕೊಳ್ಳುವುದು.

ಕಾಳಿನೊಳಗಿನ ಉಗ್ರಾಣ

ಬಾರ್ಲಿಯ ಕಾಳು ಎರಡು ಭಾಗಗಳುಳ್ಳ ಪುಟ್ಟ ಮನೆ. ಒಂದು ತುದಿಯಲ್ಲಿ ನಿದ್ರಿಸುತ್ತಿರುವ ಅಂಕುರ; ಉಳಿದುದೆಲ್ಲ ಆ ಅಂಕುರಕ್ಕಾಗಿ ಕೂಡಿಟ್ಟ ಪಿಷ್ಟದ ಉಗ್ರಾಣ. ಪಿಷ್ಟವು ಗ್ಲೂಕೋಸಿನ ಸಾವಿರಾರು ಅಣುಗಳು ಸರಪಣಿಯಂತೆ ಹೆಣೆದುಕೊಂಡು ಆದ ವಸ್ತು. ಅದು ತಣ್ಣೀರಿನಲ್ಲಿ ಕರಗದು; ಆದುದರಿಂದಲೇ ವರ್ಷಗಟ್ಟಲೆ ಕೆಡದೆ ಉಳಿಯುವುದು. ಆದರೆ ಕರಗದ ಆಹಾರವನ್ನು ಎಳೆಯ ಸಸಿ ಉಣ್ಣಲಾರದು. ಆದಕಾರಣ ಕಾಳಿಗೆ ನೀರು ತಗುಲಿದೊಡನೆ ಅಂಕುರವು ಎಚ್ಚತ್ತು, ಗಿಬ್ಬರೆಲಿನ್ ಎಂಬ ಹಾರ್ಮೋನನ್ನು ಹೊರಸೂಸುವುದು. ಆ ಸಂದೇಶವನ್ನು ಪಡೆದ ಉಗ್ರಾಣದ ಹೊರಪದರವು ಪಿಷ್ಟವನ್ನು ತುಂಡರಿಸಬಲ್ಲ ಕಿಣ್ವಗಳನ್ನು ತಯಾರಿಸತೊಡಗುವುದು.

ಮೊಳಕೆ ಬಲಿತು ಸಸಿಯಾಗಲು ಬಿಟ್ಟರೆ ಉಗ್ರಾಣವೆಲ್ಲ ಖಾಲಿಯಾಗುವುದು. ಕಿಣ್ವಗಳು ಸಿದ್ಧವಾಗಿ, ಪಿಷ್ಟವು ಇನ್ನೂ ಬಹುಮಟ್ಟಿಗೆ ಉಳಿದಿರುವಾಗಲೇ ಕಾಳನ್ನು ಬಿಸಿಗಾಳಿಯಲ್ಲಿ ಒಣಗಿಸಿ ಅದರ ಬೆಳವಣಿಗೆಯನ್ನು ತಡೆಯುವರು. ಹೀಗೆ ಅರ್ಧದಾರಿಯಲ್ಲಿ ನಿಲ್ಲಿಸಿದ ಮೊಳಕೆಯ ಧಾನ್ಯವೇ ಮಾಲ್ಟ್. ಹವ್ಯಾಸಿಗಳು ಸಾಮಾನ್ಯವಾಗಿ ಇದನ್ನು ಅಂಗಡಿಯಿಂದ ಕೊಳ್ಳುವರು.

೧೮೩೩ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞರಾದ ಪಾಯೆನ್ ಮತ್ತು ಪೆರ್ಸೊ ಎಂಬುವರು ಮಾಲ್ಟನ್ನು ನೆನೆಸಿದ ನೀರಿಗೆ ಮದ್ಯಸಾರವನ್ನು ಬೆರೆಸಿದರು. ಆಗ ಬೇರ್ಪಟ್ಟ ಬಿಳಿಯ ಪುಡಿಯ ಅಲ್ಪಾಂಶವೇ ಬಹಳಷ್ಟು ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸಿತು. ಅದಕ್ಕೆ ಅವರು ಡಯಾಸ್ಟೇಸ್ ಎಂದು ಹೆಸರಿಟ್ಟರು. ಜೀವಿಯಿಂದ ಬೇರ್ಪಡಿಸಿ ತೆಗೆದ ಮೊದಲ ಕಿಣ್ವವೆಂದು ಇದನ್ನು ಎಣಿಸುವರು. ಇಂದು ಕಿಣ್ವಗಳ ಹೆಸರಿನ ಕೊನೆಯಲ್ಲಿ ಕಾಣುವ ‘ಏಸ್’ ಎಂಬ ಪ್ರತ್ಯಯವು ಬಂದುದು ಈ ಹೆಸರಿನಿಂದಲೇ.

ಇಬ್ಬರು ಕೆಲಸಗಾರರು

ಅಂದು ಒಂದೇ ವಸ್ತುವೆಂದು ತಿಳಿದಿದ್ದ ಡಯಾಸ್ಟೇಸಿನಲ್ಲಿ ಮುಖ್ಯವಾಗಿ ಎರಡು ಕಿಣ್ವಗಳಿವೆ: ಆಲ್ಫಾ ಅಮೈಲೇಸ್ ಮತ್ತು ಬೀಟಾ ಅಮೈಲೇಸ್. ಪಿಷ್ಟದ ಸರಪಣಿಯನ್ನು ಒಂದು ಉದ್ದನೆಯ ಹೂಮಾಲೆಯೆಂದು ಭಾವಿಸೋಣ. ಬೀಟಾ ಅಮೈಲೇಸ್ ಮಾಲೆಯ ತುದಿಯಲ್ಲಿ ಕುಳಿತು ಎರಡೆರಡೇ ಹೂಗಳನ್ನು ಬಿಡಿಸುತ್ತ ಬರುವುದು. ಹೀಗೆ ಬಿಡಿಸಿದ ಜೋಡಿಯೇ ಮಾಲ್ಟೋಸ್ ಎಂಬ ಸಕ್ಕರೆ. ಆಲ್ಫಾ ಅಮೈಲೇಸ್ ಮಾಲೆಯನ್ನು ನಡುನಡುವೆ ಎಲ್ಲೆಂದರಲ್ಲಿ ಕತ್ತರಿಸುವುದು. ಅದರಿಂದ ಹೊಸ ಹೊಸ ತುದಿಗಳು ಹುಟ್ಟಿ ಬೀಟಾ ಅಮೈಲೇಸಿನ ಕೆಲಸ ಸುಲಭವಾಗುವುದು.

ಆದರೆ ಈ ಇಬ್ಬರ ಸ್ವಭಾವ ಒಂದೇ ಅಲ್ಲ. ಬೀಟಾ ಅಮೈಲೇಸಿಗೆ ೬೦ರಿಂದ ೬೫ ಡಿಗ್ರಿ ಸೆಂಟಿಗ್ರೇಡಿನ ಬಿಸಿ ಹಿತ. ೭೦ ಡಿಗ್ರಿಯಲ್ಲಿ ಅದು ಬೇಗನೆ ನಾಶವಾಗುವುದು. ಆಲ್ಫಾ ಅಮೈಲೇಸ್ ೭೦ ಡಿಗ್ರಿಯಲ್ಲಿಯೂ ಚುರುಕಾಗಿ ದುಡಿಯಬಲ್ಲುದು. ನೀರು ತೀರ ತಣ್ಣಗಿದ್ದರೆ ಪಿಷ್ಟದ ಕಣಗಳು ಉಬ್ಬಿ ಬಿಚ್ಚಿಕೊಳ್ಳುವುದೇ ಇಲ್ಲ. ಕುದಿಯುವ ನೀರನ್ನು ಸುರಿದರೆ ಎರಡು ಕಿಣ್ವಗಳೂ ಸತ್ತು, ಪಾತ್ರೆಯಲ್ಲಿ ಬರಿಯ ಗಂಜಿ ಉಳಿಯುವುದು. ಆದುದರಿಂದ ಇಬ್ಬರಿಗೂ ಒಪ್ಪುವಂತೆ ೬೬ ಡಿಗ್ರಿಯ ಆಸುಪಾಸನ್ನು ಆರಿಸಿಕೊಳ್ಳುವರು. ೬೩ ಡಿಗ್ರಿಗೆ ಇಳಿಸಿದರೆ ಯೀಸ್ಟ್ ಉಣ್ಣಬಲ್ಲ ಸಕ್ಕರೆ ಹೆಚ್ಚಿ ಬಿಯರ್ ತೆಳುವಾಗುವುದು. ೬೯ಕ್ಕೆ ಏರಿಸಿದರೆ ಯೀಸ್ಟಿಗೆ ದಕ್ಕದ ಡೆಕ್ಸ್ಟ್ರಿನ್‌ಗಳು ಉಳಿದು ಬಿಯರ್ ಮಂದವಾಗುವುದು. ಹೀಗೆ ಐದಾರು ಡಿಗ್ರಿಗಳ ಅಂತರವೇ ಫಲವನ್ನು ನಿರ್ಧರಿಸುತ್ತದೆ.

ಉಷ್ಣಮಾಪಕವಿಲ್ಲದ ಕಾಲದಲ್ಲಿ ಇದನ್ನು ಹೇಗೆ ತಿಳಿಯುತ್ತಿದ್ದರು? ಕುದಿದ ನೀರನ್ನು ಆರಲು ಬಿಟ್ಟು, ದಟ್ಟವಾದ ಹಬೆ ತಿಳಿಯಾಗಿ ನೀರಿನಲ್ಲಿ ತನ್ನ ಮುಖದ ಪ್ರತಿಬಿಂಬ ಕಂಡಾಗ ಧಾನ್ಯವನ್ನು ಹಾಕುವುದು ಇಂಗ್ಲೆಂಡಿನ ಹಳೆಯ ರೂಢಿ. ೧೭೫೮ರಲ್ಲಿ ಮೈಕೆಲ್ ಕೂಂಬ್ರೂನ್ ಎಂಬಾತನು ಬಿಯರ್ ತಯಾರಿಕೆಯ ಮೇಲೆ ಬರೆದ ಪ್ರಬಂಧದಲ್ಲಿ ಉಷ್ಣಮಾಪಕದ ಬಳಕೆಯನ್ನು ಪ್ರತಿಪಾದಿಸಿದನು. ಅಲ್ಲಿಂದ ಮುಂದೆ ಊಹೆಯ ಸ್ಥಾನಕ್ಕೆ ಅಳತೆ ಬಂದಿತು.

ಒಂದು ಚೀಲ, ಒಂದು ಪಾತ್ರೆ

ಇಡಿಯ ಧಾನ್ಯದ ವಿಧಾನಗಳಲ್ಲಿ ಅತ್ಯಂತ ಸರಳವಾದುದು ಚೀಲದ ಕ್ರಮ. ಈ ಶತಮಾನದ ಮೊದಲ ದಶಕದಲ್ಲಿ ಆಸ್ಟ್ರೇಲಿಯದ ಹವ್ಯಾಸಿಗಳು ಇದನ್ನು ಪ್ರಚಾರಕ್ಕೆ ತಂದರು. ದೊಡ್ಡ ಪಾತ್ರೆಯೊಂದರೊಳಗೆ ತೆಳುವಾದ ಬಟ್ಟೆಯ ಚೀಲವನ್ನು ಹರಡಿ, ಬಿಸಿನೀರಿನಲ್ಲಿ ಮಾಲ್ಟಿನ ತರಿಯನ್ನು ನೆನೆಹಾಕಿ, ಕೊನೆಗೆ ಚೀಲವನ್ನೇ ಮೇಲಕ್ಕೆತ್ತಿ ಸೋಸುವುದು ಇದರ ಸಾರ.

೨೦ ಲೀಟರ್ ಬಿಯರಿಗೆ ೪ ಕಿಲೋಗ್ರಾಂ ಮಾಲ್ಟ್ ಮತ್ತು ೨೮ ಲೀಟರ್ ನೀರು ಬೇಕೆಂದು ಇಟ್ಟುಕೊಳ್ಳೋಣ. ಹೆಚ್ಚಿನ ನೀರಿನಲ್ಲಿ ಸ್ವಲ್ಪವನ್ನು ಧಾನ್ಯ ಹೀರಿಕೊಳ್ಳುವುದು, ಸ್ವಲ್ಪ ಕುದಿಯುವಾಗ ಆವಿಯಾಗಿ ಹೋಗುವುದು. ಮಾಲ್ಟಿನ ಉಷ್ಣತೆ ೨೦ ಡಿಗ್ರಿ. ಮಿಶ್ರಣವು ೬೬ ಡಿಗ್ರಿಯಲ್ಲಿ ನಿಲ್ಲಬೇಕು. ಹಾಗಾದರೆ ನೀರನ್ನು ಎಷ್ಟು ಕಾಯಿಸಬೇಕು? ಭೌತಶಾಸ್ತ್ರದ ತರಗತಿಯ ಲೆಕ್ಕವೇ ಇಲ್ಲಿ ನೆರವಾಗುವುದು. ಧಾನ್ಯದ ವಿಶಿಷ್ಟೋಷ್ಣವು ನೀರಿನದರ ಸುಮಾರು ೦.೪ರಷ್ಟು. ಆದುದರಿಂದ ೪ ಕಿಲೋಗ್ರಾಂ ಧಾನ್ಯವನ್ನು ೪೬ ಡಿಗ್ರಿಗಳಷ್ಟು ಬಿಸಿಮಾಡಲು ೪ × ೦.೪ × ೪೬, ಅಂದರೆ ಸುಮಾರು ೭೪ ಕಿಲೋಕ್ಯಾಲೊರಿ ಶಾಖ ಬೇಕು. ಇದನ್ನು ಒದಗಿಸುವ ೨೮ ಲೀಟರ್ ನೀರಿನ ಉಷ್ಣತೆ ೭೪ ÷ ೨೮, ಅಂದರೆ ಎರಡೂವರೆ ಡಿಗ್ರಿಗಿಂತ ತುಸು ಹೆಚ್ಚು ಇಳಿಯುವುದು. ನೀರನ್ನು ಸುಮಾರು ೬೯ ಡಿಗ್ರಿಗೆ ಕಾಯಿಸಿದರೆ ಲೆಕ್ಕ ಸರಿಹೋಯಿತು.

ತರಿಯನ್ನು ಗಂಟಾಗದಂತೆ ಕಲಕಿ, ಪಾತ್ರೆಗೆ ಮುಚ್ಚಳವಿಟ್ಟು ಕಂಬಳಿ ಸುತ್ತುವರು. ಗಂಟೆಯೊಂದು ಕಳೆದ ಮೇಲೆ ಒಂದು ತೊಟ್ಟನ್ನು ಬಿಳಿಯ ತಟ್ಟೆಯ ಮೇಲೆ ಆರಿಸಿ, ಅಯೋಡಿನ್ ದ್ರಾವಣವನ್ನು ಹನಿಸಿ ನೋಡುವರು. ನೀಲಿ ಬಣ್ಣ ಬಂದರೆ ಪಿಷ್ಟ ಇನ್ನೂ ಉಳಿದಿದೆ. ಅಯೋಡಿನ್ನಿನ ಬಣ್ಣ ಮಾರ್ಪಡದಿದ್ದರೆ ಕೆಲಸ ಮುಗಿದಿದೆ. ಪರೀಕ್ಷಿಸಿದ ತೊಟ್ಟನ್ನು ಚೆಲ್ಲಿಬಿಡಬೇಕು. ಚೀಲವನ್ನೆತ್ತಿ ಸೋಸಿದಾಗ ದೊರೆಯುವ ಸಿಹಿಯಾದ ರಸಕ್ಕೆ ವರ್ಟ್ ಎಂದು ಹೆಸರು.

ಈ ರಸವನ್ನು ಹಾಪ್ಸ್ ಎಂಬ ಬಳ್ಳಿಯ ಹೂಗಳೊಡನೆ ಒಂದು ಗಂಟೆ ಕುದಿಸುವರು. ಕುದಿತದಿಂದ ಕಿಣ್ವಗಳ ಕೆಲಸ ನಿಲ್ಲುವುದು, ಸೂಕ್ಷ್ಮಜೀವಿಗಳು ಸಾಯುವುವು, ಹಾಪ್ಸಿನ ಆಮ್ಲಗಳು ರೂಪಾಂತರಗೊಂಡು ಹಿತವಾದ ಕಹಿಯನ್ನು ಕೊಡುವುವು. ಆ ಬಳಿಕ ರಸವನ್ನು ಬೇಗನೆ ೨೦ ಡಿಗ್ರಿಗೆ ತಣಿಸಿ ಯೀಸ್ಟನ್ನು ಬೆರೆಸುವರು. ತಣಿದ ಸಿಹಿರಸವು ಯೀಸ್ಟಿಗೆ ಹೇಗೋ ಹಾಗೆಯೇ ಗಾಳಿಯಲ್ಲಿನ ಬ್ಯಾಕ್ಟೀರಿಯಗಳಿಗೂ ಹಬ್ಬದೂಟ. ಆದುದರಿಂದ ಇಲ್ಲಿಂದ ಮುಂದೆ ರಸಕ್ಕೆ ತಗಲುವ ಪ್ರತಿಯೊಂದು ಪಾತ್ರೆ, ಸೌಟು, ಕೊಳವೆಗಳೂ ಕ್ರಿಮಿರಹಿತವಾಗಿರಬೇಕು. ಬಿಯರ್ ಹುಳಿಯಾಗಿ ಕೆಡುವುದಕ್ಕೆ ಅನ್ಯ ಸೂಕ್ಷ್ಮಜೀವಿಗಳೇ ಕಾರಣವೆಂದು ಲೂಯಿ ಪಾಶ್ಚರ್ ೧೮೭೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ್ದಾರೆ.

ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿಯೂ ಇಂಗಾಲದ ಡೈ ಆಕ್ಸೈಡಾಗಿಯೂ ಒಡೆಯುವುದು. ಎಷ್ಟು ಒಡೆಯಿತೆಂಬುದನ್ನು ಹೈಡ್ರಾಮೀಟರ್ ತಿಳಿಸುವುದು. ರಸದ ಸಾಪೇಕ್ಷ ಸಾಂದ್ರತೆ ಮೊದಲು ೧.೦೪೫ ಇದ್ದು ಕೊನೆಗೆ ೧.೦೧೦ಕ್ಕೆ ಇಳಿದರೆ, ಆ ವ್ಯತ್ಯಾಸವನ್ನು ೧೩೧ರಿಂದ ಗುಣಿಸಿದಾಗ ಮದ್ಯಸಾರವು ಗಾತ್ರದಲ್ಲಿ ಶೇಕಡ ಸುಮಾರು ನಾಲ್ಕೂವರೆ ಎಂದು ತಿಳಿಯುವುದು. ಆತುರಪಡುವ ಹೊಸಬನಿಗೆ ಅಪಾಯ ಕಾದಿರುವುದು ಇಲ್ಲಿಯೇ. ಸಕ್ಕರೆ ಇನ್ನೂ ಉಳಿದಿರುವಾಗ ಸೀಸೆಗೆ ತುಂಬಿ ಬಿರಡೆ ಬಿಗಿದರೆ, ಒಳಗೆ ಅನಿಲದ ಒತ್ತಡ ಏರುತ್ತ ಹೋಗಿ ಗಾಜು ಸಿಡಿಯಬಹುದು. ಎರಡು ಮೂರು ದಿನಗಳ ಕಾಲ ಹೈಡ್ರಾಮೀಟರಿನ ಅಂಕ ಬದಲಾಗದೆ ನಿಂತ ಮೇಲೆಯೇ ಸೀಸೆಗೆ ತುಂಬುವುದು ಸುರಕ್ಷಿತ.

ನಮ್ಮ ರಾಗಿಯಲ್ಲಿಯೂ ಇದೇ ವಿದ್ಯೆ

ಕರ್ನಾಟಕದಲ್ಲಿ ೧೯೬೫ರ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಬಿಯರನ್ನು ತಯಾರಿಸುವುದು ಅಪರಾಧ. ಅಲ್ಲದೆ ಮದ್ಯಸಾರವು ಬೆಳೆಯುವ ವಯಸ್ಸಿನ ಮೆದುಳಿಗೆ ಹಾನಿಕರ. ಆದರೆ ಮೇಲೆ ಹೇಳಿದ ರಸಾಯನದ ಅತ್ಯಂತ ಸ್ವಾರಸ್ಯವಾದ ಭಾಗವು ಯೀಸ್ಟ್ ಬರುವ ಮೊದಲೇ ಮುಗಿದಿರುತ್ತದೆಯಷ್ಟೆ. ಆ ಭಾಗವನ್ನು ವಿದ್ಯಾರ್ಥಿಗಳು ಯಾವ ಅಡ್ಡಿಯೂ ಇಲ್ಲದೆ ರಾಗಿಯಿಂದ ಮಾಡಿ ನೋಡಬಹುದು.

ಒಂದು ಹಿಡಿ ರಾಗಿಯನ್ನು ರಾತ್ರಿ ನೆನೆಹಾಕಿ, ಒದ್ದೆಬಟ್ಟೆಯಲ್ಲಿ ಕಟ್ಟಿ, ಎರಡು ದಿನ ಮೊಳೆಯಲು ಬಿಡಿರಿ. ಮೊಳಕೆಯನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಹುರಿಯದೆ ಹಿಟ್ಟು ಮಾಡಿಕೊಳ್ಳಿರಿ. ಬಲವಾಗಿ ಹುರಿದರೆ ಕಿಣ್ವಗಳು ನಾಶವಾಗುವುವು. ಅಕ್ಕಿಹಿಟ್ಟಿನಿಂದ ಗಟ್ಟಿಯಾದ ಗಂಜಿಯನ್ನು ಕಾಯಿಸಿ ಎರಡು ಬಟ್ಟಲುಗಳಿಗೆ ಹಂಚಿರಿ. ಅದು ೬೫ ಡಿಗ್ರಿಗೆ ಆರಿದಾಗ ಒಂದಕ್ಕೆ ಒಂದು ಚಮಚ ಮೊಳಕೆಯ ಹಿಟ್ಟನ್ನೂ, ಇನ್ನೊಂದಕ್ಕೆ ಅಷ್ಟೇ ಸಾಮಾನ್ಯ ರಾಗಿಹಿಟ್ಟನ್ನೂ ಕಲಕಿ, ಎರಡು ಬಟ್ಟಲುಗಳನ್ನೂ ಬಿಸಿನೀರಿನ ತಟ್ಟೆಯಲ್ಲಿಡಿರಿ. ಕೆಲವೇ ನಿಮಿಷಗಳಲ್ಲಿ ಮೊದಲನೆಯ ಬಟ್ಟಲಿನ ಗಂಜಿ ನೀರಾಗತೊಡಗುವುದು. ಎರಡನೆಯದು ಗಟ್ಟಿಯಾಗಿಯೇ ಉಳಿಯುವುದು. ಹತ್ತು ನಿಮಿಷಕ್ಕೊಮ್ಮೆ ಎರಡರಿಂದಲೂ ಒಂದೊಂದು ತೊಟ್ಟನ್ನು ತೆಗೆದು ಅಯೋಡಿನ್ ಹಾಕಿ ಹೋಲಿಸಿರಿ. ತೊಟ್ಟು ಪೂರ್ಣವಾಗಿ ಆರಿರಬೇಕು. ಬಿಸಿಯಾಗಿದ್ದರೆ ಪಿಷ್ಟವಿದ್ದರೂ ನೀಲಿ ಬಣ್ಣ ತೋರದು.

ಈ ಪ್ರಯೋಗ ಬರಿಯ ಕುತೂಹಲದ ಸಂಗತಿಯಲ್ಲ. ಎಳೆಯ ಮಗುವಿನ ಹೊಟ್ಟೆ ಚಿಕ್ಕದು. ಅದಕ್ಕೆ ನುಂಗಲು ಗಂಜಿ ತೆಳುವಾಗಿರಬೇಕು. ನೀರು ಬೆರೆಸಿ ತೆಳುಮಾಡಿದರೆ ಹೊಟ್ಟೆ ತುಂಬುವುದೇ ಹೊರತು ಪುಷ್ಟಿ ಸಾಲದು. ಮೊಳಕೆಯ ಹಿಟ್ಟು ಗಂಜಿಯನ್ನು ನೀರಿಲ್ಲದೆಯೇ ತೆಳುಮಾಡುವುದರಿಂದ ಅದೇ ಬಟ್ಟಲಿನಲ್ಲಿ ಹೆಚ್ಚು ಧಾನ್ಯವನ್ನು ಉಣಿಸಲು ಸಾಧ್ಯ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಮೊಳೆತ ರಾಗಿಯ ಮೇಲೆ ನಡೆದ ಸಂಶೋಧನೆಗಳಲ್ಲಿ ಶಿಶುಗಳ ಆಹಾರವೂ ಒಂದು ಮುಖ್ಯ ವಿಷಯವಾಗಿದೆ. ಮಗುವಿನ ಸರಿಗಾಗಿ ರಾಗಿಯನ್ನು ಮೊಳೆಯಿಸುವುದು ನಮ್ಮ ಮನೆಗಳ ಹಿರಿಯರಿಗೆ ಬಹುಕಾಲದಿಂದ ತಿಳಿದ ಕ್ರಮವೇ. ಇಂಗ್ಲೆಂಡಿನ ಹವ್ಯಾಸಿಯ ಪಾತ್ರೆಯಲ್ಲಿಯೂ ನಮ್ಮ ತಾಯಂದಿರ ಗಂಜಿಯ ಬಟ್ಟಲಿನಲ್ಲಿಯೂ ದುಡಿಯುವುದು ಒಂದೇ ಕಿಣ್ವ. ಅದಕ್ಕೆ ಬೇಕಾದುದು ಹದವಾದ ಬಿಸಿ ಮತ್ತು ತುಸು ಕಾಲಾವಕಾಶ.