ಸರ್ಪಗಂಧಿಯೂ ಚಿತ್ತರೋಗದ ಔಷಧಗಳೂ

ಚಿತ್ತರೋಗಕ್ಕೆ ಔಷಧವುಂಟೆ, ಉಂಟಾದರೆ ಅದರಿಂದ ಆಗುವ ಗುಣವೆಷ್ಟು, ಎಂಬ ಪ್ರಶ್ನೆಗೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ನಮ್ಮ ಪೂರ್ವಿಕರು ಸರ್ಪಗಂಧಿಯೆಂಬ ಮೂಲಿಕೆಯಿಂದ ಉನ್ಮಾದವನ್ನು ಸಹಸ್ರಾರು ವರ್ಷಗಳ ಹಿಂದೆಯೇ ಗುಣಪಡಿಸುತ್ತಿದ್ದರೆಂದೂ, ಪಾಶ್ಚಾತ್ಯರು ಅದನ್ನೇ ಕೊಂಡೊಯ್ದು ಗುಳಿಗೆ ಮಾಡಿದರೆಂದೂ ಹೇಳುವವರು ಕೆಲವರು. ಮದ್ದು ರೋಗಿಯನ್ನು ಮಂಕುಗೊಳಿಸುವುದೇ ಹೊರತು ರೋಗವನ್ನು ಮುಟ್ಟುವುದಿಲ್ಲವೆನ್ನುವವರು ಮತ್ತೆ ಕೆಲವರು. ಎರಡು ಮಾತುಗಳಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವುಂಟು. ಅದು ಎಷ್ಟೆಂದು ತಿಳಿಯಬೇಕಾದರೆ ಆ ಮೂಲಿಕೆಯ ಚರಿತ್ರೆಯನ್ನೇ ಹಿಡಿದು ನಡೆಯುವುದು ಅನುಕೂಲ. ಔಷಧವು ಫಲಿಸಿತು ಎಂಬ ಸಣ್ಣ ಮಾತಿನೊಳಗೆ ಎಷ್ಟು ಬೇರೆ ಬೇರೆ ಅರ್ಥಗಳು ಅಡಗಿವೆಯೆಂಬುದು ಆ ಚರಿತ್ರೆಯಿಂದ ಚೆನ್ನಾಗಿ ವ್ಯಕ್ತವಾಗುತ್ತದೆ.

ಮೊದಲು ಹೆಸರಿನ ವಿಚಾರ. ಚರಕ ಸುಶ್ರುತ ಸಂಹಿತೆಗಳಲ್ಲಿ ಸರ್ಪಗಂಧಾ ಎಂಬ ಶಬ್ದವು ಬಂದಿರುವುದು ನಿಜ; ಆದರೆ ಅದು ಬರುವುದು ಹೆಚ್ಚಾಗಿ ವಿಷಚಿಕಿತ್ಸೆಯ ಸಂದರ್ಭದಲ್ಲಿ. ಚರಕಸಂಹಿತೆಯು ಉನ್ಮಾದವನ್ನು ವಾತ, ಪಿತ್ತ, ಕಫ, ಸನ್ನಿಪಾತ, ಆಗಂತು ಎಂದು ಐದು ಬಗೆಯಾಗಿ ವಿಂಗಡಿಸಿ, ಅದಕ್ಕೆ ವಿಧಿಸುವ ಚಿಕಿತ್ಸೆಯಲ್ಲಿ ಮುಖ್ಯವಾದುವು ಶೋಧನಕರ್ಮಗಳು ಮತ್ತು ಕಲ್ಯಾಣಕವೇ ಮೊದಲಾದ ಘೃತಗಳು. ಅಲ್ಲಿ ಸರ್ಪಗಂಧಿಗೆ ಅಗ್ರಸ್ಥಾನವಿಲ್ಲ. ಮೇಲಾಗಿ, ಗ್ರಂಥದಲ್ಲಿರುವ ಹೆಸರೂ ಇಂದು ಅಂಗಡಿಯಲ್ಲಿ ಆ ಹೆಸರಿನಿಂದ ದೊರೆಯುವ ಬೇರೂ ಒಂದೇ ಎಂದು ನಂಬುವುದಕ್ಕೆ ಹೆಸರಿನ ಸಾಮ್ಯವೊಂದೇ ಸಾಲದೆಂಬುದನ್ನು ಶಬ್ದಶಾಸ್ತ್ರದ ಪರಿಚಯವುಳ್ಳ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಕನ್ನಡದಲ್ಲಿ ಸೂತ್ರನಾಭಿ ಎಂದೂ ಕರೆಯಲ್ಪಡುವ ಈ ಗಿಡಕ್ಕೆ ಐರೋಪ್ಯ ಸಸ್ಯಶಾಸ್ತ್ರಜ್ಞರು ಇಟ್ಟ ರೌವೋಲ್ಫಿಯ ಎಂಬ ಹೆಸರಿನ ಕಥೆಯೂ ವಿನೋದವಾದುದೇ. ಹದಿನಾರನೆಯ ಶತಮಾನದಲ್ಲಿ ಸಿರಿಯ ಮೊದಲಾದ ದೇಶಗಳನ್ನು ಸುತ್ತಿದ ರೌವೋಲ್ಫ್ ಎಂಬ ಜರ್ಮನ್ ವೈದ್ಯನ ಸ್ಮಾರಕವದು. ಆತನು ಹಿಂದೂದೇಶಕ್ಕೆ ಕಾಲಿಟ್ಟವನೇ ಅಲ್ಲ. ಈ ಬೇರನ್ನು ಬುದ್ಧಿವಿಕಲರಿಗೆ ಕೊಡುವ ರೂಢಿಯು ಪ್ರಸಿದ್ಧವಾಗಿದ್ದುದು ಬಿಹಾರ, ಬಂಗಾಳಗಳಲ್ಲಿ. ಅಲ್ಲಿಯ ಜನ ಇದನ್ನು 'ಪಾಗಲ್ ಕಿ ದವಾ', ಎಂದರೆ ಹುಚ್ಚರ ಮದ್ದು, ಎಂದೇ ಕರೆಯುತ್ತಿದ್ದರು. ಆದುದರಿಂದ ಕೀರ್ತಿಯು ಸಲ್ಲಬೇಕಾದುದು ಸಂಹಿತಾಕಾರರಿಗಿಂತ ಹೆಚ್ಚಾಗಿ ಹೆಸರಿಲ್ಲದ ನಾಟಿವೈದ್ಯರಿಗೆ.

೧೯೩೧ನೆಯ ಇಸವಿಯಲ್ಲಿ ಎರಡು ಸಂಗತಿಗಳು ನಡೆದುವು. ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ರಫತ್ ಹುಸೇನ್ ಸಿದ್ದಿಕಿ ಎಂಬ ರಸಾಯನಜ್ಞರು ಈ ಬೇರಿನಿಂದ ಕೆಲವು ಕ್ಷಾರಸತ್ತ್ವಗಳನ್ನು ಬೇರ್ಪಡಿಸಿ, ಅವುಗಳಲ್ಲೊಂದಕ್ಕೆ ಹಕೀಂ ಅಜ್ಮಲ್ ಖಾನರ ನೆನಪಿಗಾಗಿ ಅಜ್ಮಲೀನ್ ಎಂದು ಹೆಸರಿಟ್ಟರು. ಕಲ್ಕತ್ತೆಯಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು, ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಈ ಬೇರಿನ ಪುಡಿಯು ಫಲಕಾರಿಯೆಂದು ಲೇಖನವನ್ನು ಪ್ರಕಟಿಸಿದರು. ದಿನಕ್ಕೆರಡಾವರ್ತಿ ಇಪ್ಪತ್ತು ಮೂವತ್ತು ಗ್ರೇನುಗಳ ಪುಡಿಯನ್ನು ಕೊಟ್ಟರೆ ಆರ್ಭಟವು ಇಳಿದು ನಿದ್ರೆ ಬರುವುದೆಂದೂ, ಸಾಮಾನ್ಯವಾಗಿ ಒಂದು ವಾರದೊಳಗೆ ರೋಗಿಗೆ ತಿಳಿವು ಮರಳುವುದೆಂದೂ ಅವರ ಅನುಭವ. ಆದರೂ ಚಿತ್ತವಿಭ್ರಮೆಯ ಲಕ್ಷಣಗಳು ಸ್ವಲ್ಪಮಟ್ಟಿಗೆ ಉಳಿಯಬಹುದೆಂದು ಅವರೇ ಪ್ರಾಮಾಣಿಕವಾಗಿ ಬರೆದಿದ್ದಾರೆ. ಈ ಕೊನೆಯ ಮಾತನ್ನು ಅನಂತರದ ಪ್ರಶಂಸಕರು ಮರೆತರು.

ಈ ವರದಿಯಲ್ಲಿ ಅಸತ್ಯವೇನೂ ಇಲ್ಲ, ಇಲ್ಲದಿರುವುದು ಹೋಲಿಕೆ. ಉನ್ಮಾದದ ಆವೇಗವು ಮದ್ದಿಲ್ಲದೆಯೂ ಏರಿ ಇಳಿಯುವುದುಂಟು. ರೋಗವು ಅತ್ಯಂತ ಉಲ್ಬಣಿಸಿದ ದಿನವೇ ಮನೆಯವರು ವೈದ್ಯನ ಬಳಿಗೆ ಓಡುವುದು ಲೋಕರೂಢಿಯಾದುದರಿಂದ, ಅಲ್ಲಿಂದ ಮುಂದಿನ ವಾರವು ಏನು ಕೊಟ್ಟರೂ ಹಿಂದಿನ ವಾರಕ್ಕಿಂತ ಮೇಲಾಗಿ ಕಾಣುವ ಸಂಭವ ಹೆಚ್ಚು. ಮಂತ್ರವಾದಿಯ ಕೀರ್ತಿಗೂ ವೈದ್ಯನ ಕೀರ್ತಿಗೂ ಎಷ್ಟೋವೇಳೆ ಈ ಒಂದೇ ಕಾರಣ. ಇದನ್ನು ದಾಟುವ ಮಾರ್ಗವೆಂದರೆ, ಸಮಾನರಾದ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಔಷಧವನ್ನೂ ಇನ್ನೊಂದಕ್ಕೆ ನೋಟಕ್ಕೆ ಅಂತೆಯೇ ಇರುವ ಹುಸಿಮದ್ದನ್ನೂ ಕೊಟ್ಟು, ಯಾರಿಗೆ ಯಾವುದು ಹೋಯಿತೆಂಬುದು ರೋಗಿಗೂ ಪರೀಕ್ಷಕನಿಗೂ ತಿಳಿಯದಂತೆ ಫಲವನ್ನು ಎಣಿಸುವುದು. ಹೇಳುವುದಕ್ಕೆ ಸುಲಭವಾದ ಈ ಉಪಾಯವು ಚಿತ್ತರೋಗದ ಚಿಕಿತ್ಸೆಯಲ್ಲಿ ಕಾಲೂರಲು ೧೯೫೦ರ ದಶಕವು ಬರಬೇಕಾಯಿತು.

ಆ ದಶಕದಲ್ಲಿ ಸರ್ಪಗಂಧಿಯು ಲೋಕಪ್ರಸಿದ್ಧವಾಯಿತು. ಮುಂಬಯಿಯ ರುಸ್ತುಂ ಜಾಲ್ ವಕೀಲರು ೧೯೪೯ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ರಕ್ತದ ಒತ್ತಡದ ಐವತ್ತು ರೋಗಿಗಳ ವಿವರವನ್ನು ಪ್ರಕಟಿಸಿದ್ದು ಯೂರೋಪಿನ ಗಮನವನ್ನು ಸೆಳೆಯಿತು. ೧೯೫೨ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪೆನಿಯ ರಸಾಯನಜ್ಞರು ಬೇರಿನ ರಾಳದ ಭಾಗದಿಂದ ರಿಸರ್ಪೀನ್ ಎಂಬ ಸತ್ತ್ವವನ್ನು ತೆಗೆದರು. ಅದೇ ವರ್ಷ ಪ್ಯಾರಿಸಿನಲ್ಲಿ ಡಿಲೇ, ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೀನ್ ಎಂಬ ಕೃತಕ ಔಷಧವನ್ನು ಚಿತ್ತರೋಗಿಗಳಿಗೆ ಕೊಟ್ಟು ಫಲವನ್ನು ವರದಿಮಾಡಿದರು. ೧೯೫೪ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ರಿಸರ್ಪೀನಿನ ಬಗ್ಗೆ ಬರೆದರು. ನಮ್ಮ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಗೆ ಹೊಂದಿಕೊಂಡು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾದುದೂ ಅದೇ ೧೯೫೪ರಲ್ಲಿ. ಇವೆರಡೂ ಸೇರಿ ೧೯೭೪ರಲ್ಲಿ ಇಂದಿನ ನಿಮ್ಹಾನ್ಸ್ ಆಯಿತು.

ಇಲ್ಲಿಂದ ಮುಂದೆ ರಿಸರ್ಪೀನಿನ ಕಥೆಯು ವಿಚಿತ್ರವಾದ ತಿರುವನ್ನು ಪಡೆಯಿತು. ರಕ್ತದ ಒತ್ತಡಕ್ಕಾಗಿ ಇದನ್ನು ಸೇವಿಸಿದ ಕೆಲವರಿಗೆ ವಿಷಾದರೋಗವು ತಗುಲಿತೆಂಬ ವರದಿಗಳು ೧೯೫೪ರಿಂದಲೇ ಬರತೊಡಗಿದುವು. ಮಿದುಳಿನಲ್ಲಿರುವ ಸಿರೊಟೋನಿನ್ ಮೊದಲಾದ ದ್ರವ್ಯಗಳನ್ನು ರಿಸರ್ಪೀನ್ ಬರಿದುಮಾಡುತ್ತದೆಂದು ಅಮೆರಿಕದ ಪ್ರಯೋಗಶಾಲೆಯಲ್ಲಿ ಗೊತ್ತಾಯಿತು. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ೧೯೫೭ರಲ್ಲಿ, ರಿಸರ್ಪೀನಿನಿಂದ ಜಡವಾಗಿ ಬಿದ್ದ ಮೊಲಗಳು ಡೋಪ ಎಂಬ ದ್ರವ್ಯವನ್ನು ಕೊಟ್ಟೊಡನೆ ಚೇತರಿಸಿಕೊಂಡುದನ್ನು ತೋರಿಸಿದರು. ಈ ಮಾರ್ಗದ ಸಂಶೋಧನೆಗೆ ಅವರಿಗೆ ೨೦೦೦ದಲ್ಲಿ ನೊಬೆಲ್ ಬಹುಮಾನವು ಸಂದಿತು. ಮದ್ದು ಇಂಥ ದ್ರವ್ಯಗಳನ್ನು ತಗ್ಗಿಸುತ್ತದೆ, ಮದ್ದಿನಿಂದ ವಿಷಾದವುಂಟಾಗುತ್ತದೆ. ಆದುದರಿಂದ ಈ ದ್ರವ್ಯಗಳ ಕೊರತೆಯೇ ವಿಷಾದರೋಗಕ್ಕೆ ಕಾರಣ, ಎಂಬ ಸಿದ್ಧಾಂತವು ೧೯೬೦ರ ದಶಕದಲ್ಲಿ ಬೇರೂರಿ ಪಠ್ಯಪುಸ್ತಕಗಳನ್ನು ಸೇರಿತು. ತರ್ಕವು ಮನೋಹರವಾದುದೇ. ಆದರೆ ೧೯೫೫ರಲ್ಲಿಯೇ ಲಂಡನ್ನಿನ ಮಾಡ್‌ಸ್ಲಿ ಆಸ್ಪತ್ರೆಯಲ್ಲಿ ಡೇವೀಸ್ ಮತ್ತು ಶೆಪರ್ಡ್ ಎಂಬವರು, ಕಳವಳ ವಿಷಾದಗಳಿಂದ ಪೀಡಿತರಾದ ರೋಗಿಗಳನ್ನು ಮೇಲೆ ಹೇಳಿದಂತೆ ವಿಭಾಗಿಸಿ ಪರೀಕ್ಷಿಸಿದಾಗ, ಹುಸಿಮದ್ದಿಗಿಂತ ರಿಸರ್ಪೀನೇ ಹೆಚ್ಚು ಉಪಕಾರಿಯೆಂದು ಕಂಡಿದ್ದರು! ಚಿತ್ತರೋಗದ ಔಷಧಗಳ ಮೇಲೆ ಇಂಥ ಪರೀಕ್ಷೆಯನ್ನು ನಡೆಯಿಸಿದವರಲ್ಲಿ ಅವರು ಮೊದಲಿಗರ ಸಾಲಿಗೆ ಸೇರಿದವರು. ಅವರ ಲೇಖನವನ್ನು ದಶಕಗಳವರೆಗೆ ಹೆಚ್ಚು ಮಂದಿ ಓದಿದಂತೆ ಕಾಣದು. ಹಳೆಯ ವರದಿಗಳನ್ನು ಈಚೆಗೆ ಪುನಃ ಶೋಧಿಸಿದವರು, ಅವುಗಳಲ್ಲಿ ಮಂಕನ್ನೇ ವಿಷಾದವೆಂದು ಎಣಿಸಿದ ಪ್ರಸಂಗಗಳುಂಟೆಂದೂ, ಮೊದಲೇ ವಿಷಾದಕ್ಕೆ ಗುರಿಯಾಗಿದ್ದವರೂ ಅದರಲ್ಲಿ ಸೇರಿದ್ದಾರೆಂದೂ ತೋರಿಸಿದ್ದಾರೆ. ಹೋಲಿಕೆಯಿಲ್ಲದ ಹೊಗಳಿಕೆ ಹೇಗೆ ಬೆಳೆಯಿತೋ ಹೋಲಿಕೆಯಿಲ್ಲದ ಅಪವಾದವೂ ಹಾಗೆಯೇ ಬೆಳೆಯಿತು.

ಹಾಗಾದರೆ ಬುದ್ಧಿಯೇ ಛಿದ್ರವಾಗುವ ಸ್ಕಿಜೋಫ್ರೀನಿಯದಲ್ಲಿ ಔಷಧಗಳ ಬಲವೆಷ್ಟು? ೧೯೬೦ರ ದಶಕದ ಆರಂಭದಲ್ಲಿ ಅಮೆರಿಕದ ಮಾಜಿ ಯೋಧರ ಆಸ್ಪತ್ರೆಗಳಲ್ಲಿ ಔಷಧಗಳನ್ನು ಒಂದರೊಡನೊಂದು ಹೋಲಿಸಿದಾಗ ರಿಸರ್ಪೀನ್ ಹಿಂದೆ ಬಿದ್ದಿತು. ಕ್ಲೋರ್‌ಪ್ರೊಮಜೀನ್ ಮತ್ತು ಅದರ ಬಂಧುಗಳನ್ನು ಹುಸಿಮದ್ದಿನೊಡನೆ ಹೋಲಿಸಿ ಒಂಬತ್ತು ಆಸ್ಪತ್ರೆಗಳಲ್ಲಿ ಆರು ವಾರ ನಡೆದ ಪರೀಕ್ಷೆಯ ಫಲವು ೧೯೬೪ರಲ್ಲಿ ಪ್ರಕಟವಾಯಿತು. ಔಷಧ ಪಡೆದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಗಣನೀಯವಾಗಿ ಸುಧಾರಿಸಿದ್ದರು. ಹುಸಿಮದ್ದಿನವರಲ್ಲಿ ಸುಮಾರು ಕಾಲುಪಾಲು. ಈ ಕಾಲುಪಾಲನ್ನು ಲಘುವಾಗಿ ನೋಡಬಾರದು. ಹೋಲಿಕೆಯಿಲ್ಲದೆ ಬರೆದ ಪ್ರತಿಯೊಂದು ವರದಿಯಲ್ಲಿಯೂ ಇವರ ಸುಧಾರಣೆಯು ಔಷಧದ ಖಾತೆಗೆ ಜಮೆಯಾಗುತ್ತಿದ್ದಿತು.

ಆವೇಗವನ್ನು ಇಳಿಸುವುದು ಒಂದು. ರೋಗವು ಮರುಕಳಿಸದಂತೆ ತಡೆಯುವುದು ಇನ್ನೊಂದು. ಮನೆಯವರು ಚೆನ್ನಾಗಿರುವಾಗ ಮಾತ್ರೆ ಏಕೆ ಎಂದು ಕೇಳುವುದು ಈ ಎರಡನೆಯದರ ವಿಷಯದಲ್ಲಿ. ೬೫ ಪರೀಕ್ಷೆಗಳನ್ನು ಒಟ್ಟುಗೂಡಿಸಿ ೨೦೧೨ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಗಣನೆಯ ಪ್ರಕಾರ, ಸುಮಾರು ಒಂದು ವರ್ಷದೊಳಗೆ ರೋಗವು ಮರಳಿದುದು ಔಷಧವನ್ನು ಮುಂದುವರಿಸಿದವರಲ್ಲಿ ನೂರಕ್ಕೆ ೨೭ ಮಂದಿಗೆ, ಹುಸಿಮದ್ದಿಗೆ ಬದಲಾದವರಲ್ಲಿ ನೂರಕ್ಕೆ ೬೪ ಮಂದಿಗೆ. ಔಷಧವಿದ್ದೂ ೨೭ ಮಂದಿಗೆ ಮರುಕಳಿಸಿತೆಂಬುದೂ, ಇಲ್ಲದೆಯೂ ೩೬ ಮಂದಿ ಆ ವರ್ಷವನ್ನು ಕಳೆದರೆಂಬುದೂ ಅದೇ ಲೆಕ್ಕದಲ್ಲಿವೆ. ಇಂಥವರೇ ಆ ೩೬ ಮಂದಿಯೆಂದು ಮೊದಲೇ ಗುರುತಿಸುವ ಉಪಾಯವು ವೈದ್ಯರಲ್ಲಿ ಇಲ್ಲ. ಕೈಕಾಲುಗಳ ಬಿಗಿತ, ನಡುಕ, ದೇಹದ ಸ್ಥೂಲತೆ, ದೀರ್ಘಕಾಲದ ಸೇವನೆಯಿಂದ ಬಾಯಿ ನಾಲಗೆಗಳ ಅನೈಚ್ಛಿಕ ಚಲನೆ, ಇವು ಈ ಔಷಧಗಳಿಗೆ ತೆರಬೇಕಾಗಿ ಬರುವ ಬೆಲೆ. ವಿಷಾದರೋಗದ ಔಷಧಗಳ ಸಾಧನೆ ಇದಕ್ಕಿಂತ ಸಾಧಾರಣವಾದುದು: ೨೧ ಔಷಧಗಳ ೫೨೨ ಪರೀಕ್ಷೆಗಳನ್ನು ತೂಗಿದ ೨೦೧೮ರ ಗಣನೆಯಲ್ಲಿ ಎಲ್ಲವೂ ಹುಸಿಮದ್ದನ್ನು ಮೀರಿದುವು, ಆದರೆ ಸರಾಸರಿಯಲ್ಲಿ ಅಷ್ಟೇನೂ ದೂರಕ್ಕಲ್ಲ.

ಇನ್ನು ನಮ್ಮ ನಾಡಿನ ಒಂದು ಪರಿಶೀಲನೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕು ಕುವೆಂಪು ಅವರ ಕುಪ್ಪಳಿಯಿರುವ ಪ್ರದೇಶವೆಂದು ಈ ಪತ್ರಿಕೆಯ ವಾಚಕರಿಗೆ ಸುಪರಿಚಿತ. ಅಲ್ಲಿಯ ಹಳ್ಳಿಗಳಲ್ಲಿ ಸ್ಕಿಜೋಫ್ರೀನಿಯದ ರೋಗಿಗಳನ್ನು ಹುಡುಕಿ, ಅವರಿದ್ದಲ್ಲಿಯೇ ಚಿಕಿತ್ಸೆಯನ್ನು ಒದಗಿಸಿ, ಒಂದು ವರ್ಷದ ತರುವಾಯ ಅವರ ಸ್ಥಿತಿಯನ್ನು ಅಳೆದ ವಿವರವು ೨೦೦೯ರಲ್ಲಿ ಪ್ರಕಟವಾಯಿತು. ಅಲ್ಲಿ ಅಳೆದುದು ಮೈಶುಚಿ, ಮನೆಗೆಲಸ, ದುಡಿಮೆ, ಜನರೊಡನೆ ಮಾತುಕತೆ ಇವುಗಳಲ್ಲಿ ರೋಗಿಯು ಎಷ್ಟು ಅಸಮರ್ಥನಾಗಿದ್ದಾನೆ ಎಂಬುದನ್ನು. ಔಷಧವನ್ನು ಪಡೆದವರಲ್ಲಿ ಆ ಅಸಮರ್ಥತೆಯು ತಗ್ಗಿದ್ದಿತು. ಪಡೆಯದೆ ಉಳಿದವರಲ್ಲಿ ಹೆಚ್ಚುಕಡಿಮೆ ಇದ್ದಂತೆಯೇ ಇದ್ದಿತು. ಇದು ಚೀಟಿ ಎತ್ತಿ ಮಾಡಿದ ಹೋಲಿಕೆಯಲ್ಲ. ಔಷಧವನ್ನು ತಪ್ಪದೆ ಕೊಡುವ ಮನೆಯವರು ರೋಗಿಯನ್ನು ಬೇರೆ ರೀತಿಗಳಲ್ಲಿಯೂ ಚೆನ್ನಾಗಿ ನೋಡಿಕೊಳ್ಳುವವರಾಗಿರಬಹುದೆಂಬ ಆಕ್ಷೇಪಣೆಗೆ ಇಲ್ಲಿ ಎಡೆಯುಂಟು. ಆದರೆ ಆಸ್ಪತ್ರೆಯ ಗೋಡೆಗಳೊಳಗೆ ಆರು ವಾರಗಳಲ್ಲಿ ಕಂಡ ಗುಣವು, ವೈದ್ಯನು ದೂರವಿರುವ ಮಲೆನಾಡಿನ ಮನೆಯಲ್ಲಿ ವರ್ಷದ ಕೊನೆಗೆ, ರೋಗಿಯು ತಾನಾಗಿ ಸ್ನಾನಮಾಡಿ ಕೆಲಸಕ್ಕೆ ಹೊರಡುವುದರಲ್ಲಿ ಕಾಣುತ್ತದೆಯೇ ಎಂದು ಕೇಳಿದುದು ಈ ಪರಿಶೀಲನೆಯ ವಿಶೇಷ.