ಪೈಲಟ್ ಇದ್ದರೂ ಹಡಗು ಅಪಘಾತ: ಕಾರಣಗಳು ಮತ್ತು ಸರಕಿನ ಮಾಲೀಕರ ಹೊಣೆ

ನವಮಂಗಳೂರು ಬಂದರಿನಲ್ಲಿ ಕಾಫಿ ಅಥವಾ ಗೋಡಂಬಿಯ ಕಂಟೇನರು ಹಡಗೇರಿ, ಬಿಲ್ ಆಫ್ ಲೇಡಿಂಗ್ ಕೈಸೇರಿದೊಡನೆ ರಫ್ತುದಾರರ ಚಿಂತೆ ಅರ್ಧದಷ್ಟು ಕಡಿಮೆಯಾಗುತ್ತದೆ. ಉಳಿಯುವ ಭಯವೆಂದರೆ ನಡುಗಡಲಿನ ಬಿರುಗಾಳಿಯದು. ವಾಸ್ತವವಾಗಿ ಹಡಗಿಗೆ ಇಕ್ಕಟ್ಟು ಒದಗುವುದು ಹೆಚ್ಚಾಗಿ ದಡದ ಸಮೀಪದಲ್ಲಿ: ಬಂದರಿನ ಕಾಲುವೆಯಲ್ಲಿ, ನದೀಮುಖದಲ್ಲಿ, ಸೇತುವೆಯ ಕೆಳಗೆ. ಅಲ್ಲಿನ ನೀರನ್ನು ಬಲ್ಲ ಪೈಲಟ್ ಆ ವೇಳೆಯಲ್ಲಿ ಹಡಗಿನ ಮೇಲಿರುತ್ತಾರೆ. ಹಾಗಿದ್ದೂ ಅಪಘಾತಗಳು ಸಂಭವಿಸುತ್ತವೆ.

ಪೈಲಟ್ ಹಡಗು ಕಂಪನಿಯ ನೌಕರರಲ್ಲ. ಬಂದರಿನಿಂದ ಸಣ್ಣ ದೋಣಿಯಲ್ಲಿ ಬಂದು, ಹಗ್ಗದ ಏಣಿಯನ್ನು ಹತ್ತಿ, ತಾವು ಹಿಂದೆ ಕಂಡಿರದ ಹಡಗನ್ನು ಕೆಲವೇ ನಿಮಿಷಗಳಲ್ಲಿ ಅರಿತು ನಡೆಸಬೇಕು. ಚುಕ್ಕಾಣಿ ಮತ್ತು ಎಂಜಿನ್ನಿನ ಸೂಚನೆಗಳನ್ನು ಅವರು ಕೊಡುತ್ತಾರಾದರೂ ಹಡಗಿನ ಅಧಿಕಾರ ಕ್ಯಾಪ್ಟನ್ನರಲ್ಲಿಯೇ ಉಳಿಯುತ್ತದೆ. ಪನಾಮಾ ಕಾಲುವೆ ಇದಕ್ಕೆ ಪ್ರಸಿದ್ಧ ಅಪವಾದ. ಸ್ಥಳವನ್ನು ಬಲ್ಲವರು ಒಬ್ಬರು, ಹಡಗನ್ನು ಬಲ್ಲವರು ಇನ್ನೊಬ್ಬರು. ಇವರಿಬ್ಬರ ನಡುವೆ ಮಾತು ನಿಂತರೆ ತಪ್ಪನ್ನು ಹಿಡಿಯುವವರೇ ಇರುವುದಿಲ್ಲ.

1996ರ ಫೆಬ್ರವರಿ 15ರ ರಾತ್ರಿ ವೇಲ್ಸ್‌ನ ಮಿಲ್‌ಫರ್ಡ್ ಹೇವನ್ ಬಂದರನ್ನು ಪ್ರವೇಶಿಸುತ್ತಿದ್ದ ‘ಸೀ ಎಂಪ್ರೆಸ್’ ತೈಲನೌಕೆಯು ಬಂಡೆಗೆ ತಗುಲಿತು. ಮುಂದಿನ ದಿನಗಳಲ್ಲಿ ಸುಮಾರು 72,000 ಟನ್ ಕಚ್ಚಾ ತೈಲ ಸಮುದ್ರದ ಪಾಲಾಯಿತು. ಪೈಲಟ್ ಹಡಗನ್ನು ಆಳವಾದ ಪಥದಲ್ಲಿ ಉಳಿಸಿಕೊಳ್ಳಲಿಲ್ಲವೆಂದು ತನಿಖೆ ಹೇಳಿತು. ಪ್ರವೇಶದ ಯೋಜನೆಯನ್ನು ಪೈಲಟ್ ಮತ್ತು ಕ್ಯಾಪ್ಟನ್ ಮೊದಲೇ ಚರ್ಚಿಸಿ ಒಪ್ಪಿಕೊಂಡಿರಲಿಲ್ಲ ಎಂಬುದನ್ನೂ, ದೊಡ್ಡ ತೈಲನೌಕೆಗಳನ್ನು ನಡೆಸುವಲ್ಲಿ ಪೈಲಟ್‌ಗೆ ಸಾಕಷ್ಟು ತರಬೇತಿಯಿರಲಿಲ್ಲ ಎಂಬುದನ್ನೂ ಅದು ಎತ್ತಿ ತೋರಿಸಿತು.

ಹನ್ನೊಂದು ವರ್ಷಗಳ ಬಳಿಕ ಅಮೆರಿಕದಲ್ಲಿ ಇದೇ ಲೋಪ ಇನ್ನೂ ಸ್ಪಷ್ಟವಾಗಿ ಕಂಡಿತು. 2007ರ ನವೆಂಬರ್ 7ರ ಬೆಳಿಗ್ಗೆ ದಟ್ಟ ಮಂಜಿನಲ್ಲಿಯೇ ‘ಕಾಸ್ಕೋ ಬೂಸಾನ್’ ಎಂಬ ಕಂಟೇನರು ಹಡಗು ಓಕ್‌ಲ್ಯಾಂಡಿನಿಂದ ಹೊರಟಿತು. ಸಿಬ್ಬಂದಿ ಆ ಹಡಗಿಗೆ ಬಂದು ಸುಮಾರು ಎರಡು ವಾರಗಳಷ್ಟೇ ಆಗಿದ್ದವು. ವಿದ್ಯುನ್ಮಾನ ನಕ್ಷೆಯ ಮೇಲಿನ ಕೆಂಪು ತ್ರಿಕೋನಗಳ ಅರ್ಥವನ್ನು ಪೈಲಟ್ ಕ್ಯಾಪ್ಟನ್ನರನ್ನೇ ಕೇಳಬೇಕಾಯಿತು. ಆ ಕೊಲ್ಲಿಯಲ್ಲಿ ದೀರ್ಘಕಾಲ ದುಡಿದವರಿಂದ ಬಂದ ಈ ಪ್ರಶ್ನೆಯೇ ಕ್ಯಾಪ್ಟನ್ನರನ್ನು ಎಚ್ಚರಿಸಬೇಕಿತ್ತು. ಆದರೆ ಅವರು ಹಡಗನ್ನು ತಡೆಯಲಿಲ್ಲ. ಅದು ಬೇ ಬ್ರಿಜ್‌ನ ಗೋಪುರವೊಂದರ ರಕ್ಷಣಾಕಟ್ಟೆಗೆ ಉಜ್ಜಿ, ಎರಡು ಲಕ್ಷ ಲೀಟರಿಗೂ ಹೆಚ್ಚು ಇಂಧನ ತೈಲ ಕೊಲ್ಲಿಗೆ ಹರಿಯಿತು. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ಮೂರು ಕಾರಣಗಳನ್ನು ಒಟ್ಟಿಗೆ ಹೇಳಿತು: ಸೇವಿಸುತ್ತಿದ್ದ ಔಷಧಿಗಳಿಂದ ಪೈಲಟ್‌ರ ಗ್ರಹಣಶಕ್ತಿ ಕುಂದಿದ್ದು, ಹೊರಡುವ ಮುನ್ನ ಇಬ್ಬರೂ ವಿವರವಾಗಿ ಸಮಾಲೋಚಿಸದೇ ಇದ್ದದ್ದು ಮತ್ತು ಕ್ಯಾಪ್ಟನ್ನರ ಮೇಲ್ವಿಚಾರಣೆ ಸಡಿಲವಾಗಿದ್ದದ್ದು. ಪೈಲಟ್ ತಿಳಿಸಿದ್ದ ಆರೋಗ್ಯದ ಮಾಹಿತಿಯನ್ನು ಕೋಸ್ಟ್ ಗಾರ್ಡ್ ಸರಿಯಾಗಿ ಪರಿಶೀಲಿಸಲಿಲ್ಲವೆಂಬ ಮಾತೂ ವರದಿಯಲ್ಲಿತ್ತು. ಆ ಪೈಲಟ್ ಸೆರೆವಾಸ ಅನುಭವಿಸಿದರು.

ಎಲ್ಲ ತಪ್ಪೂ ಮನುಷ್ಯರದೇ ಎನ್ನುವಂತಿಲ್ಲ. ಆಳ ಕಡಿಮೆಯಿರುವಲ್ಲಿ ವೇಗವಾಗಿ ಸಾಗುವ ಹಡಗು ನೀರಿನಲ್ಲಿ ಮತ್ತಷ್ಟು ತಗ್ಗುತ್ತದೆ. ದಂಡೆಯ ಸಮೀಪಕ್ಕೆ ಬಂದರೆ ಅದರ ಹಿಂಭಾಗ ದಂಡೆಯತ್ತ ಸೆಳೆಯಲ್ಪಡುತ್ತದೆ. ಕಂಟೇನರುಗಳ ಎತ್ತರದ ಗೋಡೆಯೇ ಗಾಳಿಗೆ ಹಾಯಿಯಂತಾಗುತ್ತದೆ. ಯಂತ್ರ ಕೈಕೊಟ್ಟರಂತೂ ಪೈಲಟ್ ನಿರುಪಾಯರು. 2024ರ ಮಾರ್ಚ್ 26ರಂದು ಬಾಲ್ಟಿಮೋರ್‌ನಲ್ಲಿ ‘ಡಾಲಿ’ ಹಡಗಿನ ವಿದ್ಯುತ್ ಸೇತುವೆಯ ಹತ್ತಿರ ಎರಡು ಸಲ ಕಡಿತಗೊಂಡಿತು. ಟಗ್‌ಗಳು ಆಗಲೇ ಹಿಂದಿರುಗಿದ್ದವು. ಪೈಲಟ್ ಲಂಗರು ಇಳಿಸಲು ಹೇಳಿ ತುರ್ತು ಸಂದೇಶ ಕಳುಹಿಸಿದ್ದರಿಂದ ಸೇತುವೆಯ ವಾಹನ ಸಂಚಾರ ನಿಂತಿತು; ಆದರೂ ಸೇತುವೆ ಕುಸಿದು, ಅದರ ಮೇಲೆ ದುರಸ್ತಿಯಲ್ಲಿದ್ದ ಆರು ಕಾರ್ಮಿಕರು ಮೃತಪಟ್ಟರು. ತನಿಖೆ ಕೊನೆಗೆ ತಲುಪಿದ್ದು ಸಡಿಲವಾಗಿ ಕೂತಿದ್ದ ಒಂದು ತಂತಿಯನ್ನು. ಡಾಲಿಯ ಸಿಬ್ಬಂದಿಯಲ್ಲಿ ಬಹುಪಾಲು ಭಾರತೀಯರು.

ದೂರದ ಈ ಪ್ರಸಂಗಗಳು ವರ್ತಕರ ಲೆಕ್ಕಪುಸ್ತಕವನ್ನು ಮುಟ್ಟುವುದು ಎರಡು ಬಗೆಯಲ್ಲಿ. ನಮ್ಮ ದೇಶದ ಸಮುದ್ರ ಸರಕು ಸಾಗಣೆ ಕಾನೂನಿಗೆ ಆಧಾರವಾಗಿರುವ ಹೇಗ್ ನಿಯಮಾವಳಿಯು, ಹಡಗು ನಡೆಸುವಲ್ಲಿ ಕ್ಯಾಪ್ಟನ್, ನಾವಿಕರು ಅಥವಾ ಪೈಲಟ್ ಮಾಡಿದ ತಪ್ಪಿನಿಂದ ಸರಕಿಗಾದ ಹಾನಿಗೆ ಸಾಗಣೆದಾರರನ್ನು ಹೊಣೆಯಾಗಿಸುವುದಿಲ್ಲ. ‘ಪೈಲಟ್’ ಎಂಬ ಪದವೇ ಅಲ್ಲಿದೆ. ಎರಡನೆಯದು ಜನರಲ್ ಆವರೇಜ್: ಹಡಗನ್ನೂ ಸರಕನ್ನೂ ಅಪಾಯದಿಂದ ಪಾರುಮಾಡಲು ತಗಲಿದ ಅಸಾಮಾನ್ಯ ವೆಚ್ಚವನ್ನು ಹಡಗಿನ ಮಾಲೀಕರೂ ಸರಕಿನ ಮಾಲೀಕರೂ ತಮ್ಮ ತಮ್ಮ ಸ್ವತ್ತಿನ ಮೌಲ್ಯಕ್ಕೆ ಅನುಗುಣವಾಗಿ ಹಂಚಿಕೊಳ್ಳುವ ಪುರಾತನ ಪದ್ಧತಿ. ಸರಕಿಗೆ ಒಂದು ಗೀರೂ ಬೀಳದಿದ್ದರೂ ಪಾಲು ತಪ್ಪದು. ಡಾಲಿಯ ಪ್ರಕರಣದಲ್ಲಿಯೂ ಇದನ್ನು ಘೋಷಿಸಲಾಯಿತು.

ವಿಮೆಯಿದ್ದಲ್ಲಿ ಈ ಪಾಲಿಗೆ ವಿಮಾ ಕಂಪನಿ ಖಾತರಿ ನೀಡುತ್ತದೆ. ಇನ್‌ಸ್ಟಿಟ್ಯೂಟ್ ಕಾರ್ಗೋ ನಿಬಂಧನೆಗಳ ಅತಿ ಕಿರಿದಾದ ‘ಸಿ’ ವರ್ಗದಲ್ಲಿಯೂ ಈ ರಕ್ಷಣೆಯುಂಟು. ವಿಮೆಯಿಲ್ಲದ ಸಣ್ಣ ಉತ್ಪಾದಕರು ನಗದು ಠೇವಣಿ ಇಟ್ಟ ಬಳಿಕವೇ ಸರಕನ್ನು ಬಿಡಿಸಿಕೊಳ್ಳಬೇಕಾಗುತ್ತದೆ. ಎಫ್‌ಒಬಿ ಮಾರಾಟವೆಂದು ನಿಶ್ಚಿಂತರಾಗುವವರು ಹಣ ಇನ್ನೂ ಬಾರದಿರುವಾಗ ಖರೀದಿದಾರರು ವಿಮೆ ಮಾಡಿಸಿದ್ದಾರೆಯೇ ಎಂದು ಕೇಳಿಕೊಳ್ಳುವುದು ಲೇಸು.

ವಿಳಂಬದ ನಷ್ಟವನ್ನು ಮಾತ್ರ ಈ ನಿಬಂಧನೆಗಳು ಭರಿಸುವುದಿಲ್ಲ. 2021ರ ಮಾರ್ಚ್ 23ರಂದು ಇಬ್ಬರು ಪೈಲಟ್‌ಗಳಿದ್ದಾಗಲೇ ಸುಯೆಜ್ ಕಾಲುವೆಗೆ ಅಡ್ಡಲಾಗಿ ಸಿಲುಕಿದ ‘ಎವರ್ ಗಿವನ್’ ಆರು ದಿನಗಳಲ್ಲಿ ತೇಲಿತಾದರೂ, ಪರಿಹಾರದ ವ್ಯಾಜ್ಯದಿಂದಾಗಿ ಜುಲೈ 7ರವರೆಗೆ ಈಜಿಪ್ಟಿನಲ್ಲಿಯೇ ನಿಂತಿತ್ತು. ಹದಿನೆಂಟು ಸಾವಿರಕ್ಕೂ ಹೆಚ್ಚು ಕಂಟೇನರುಗಳು ಆ ಹಡಗಿನಲ್ಲಿದ್ದವು.