ಕನ್ನಡ ಅಕ್ಷರ ಒಡೆದು ಕಂಡರೆ ಫೋನಿಗೆ ವೈರಸ್ ಬಂದಿದೆಯೇ?

ಯೋಜನೆಯ ಪುಟ ತೆರೆದರೆ ಅಕ್ಷರಗಳ ಜಾಗದಲ್ಲಿ ಚೌಕ ಚೌಕ ಡಬ್ಬಿ. ಸರ್ಕಾರಿ ಆದೇಶದ ಪಿಡಿಎಫ್‌ನಿಂದ ಎರಡು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಪೌಂಡ್ ಚಿಹ್ನೆ, ತಲೆ ಮೇಲೆ ಗೀಟು ಎಳೆದ ಇಂಗ್ಲಿಷ್ ‘ಎ’. ಅಂಥ ಹೊತ್ತಿನಲ್ಲಿ ಕೇಳಿಬರುವ ಮಾತು ಸಾಮಾನ್ಯವಾಗಿ ಎರಡು. ಒಂದು, ‘ಫೋನಿಗಿ ವೈರಸ್ ಬಂದದ’. ಇನ್ನೊಂದು, ‘ನಿಮ್ಮ ಫೋನಿನ್ಯಾಗ ಕನ್ನಡ ಬರಂಗಿಲ್ಲ, ಈ ಆ್ಯಪ್ ಹಾಕ್ಕೋರಿ’.

ಮೊದಲನೆಯದು ತಪ್ಪು. ಎರಡನೆಯದು ಅಪಾಯ. ಪ್ಲೇ ಸ್ಟೋರ್ ಬಿಟ್ಟು ಲಿಂಕ್ ಮೂಲಕ ಬರುವ ‘ಅಕ್ಷರ ಸರಿಮಾಡುವ’ ಎಪಿಕೆ ಫೈಲನ್ನು ಹಾಕಿಕೊಳ್ಳಬೇಡಿ. ಅಕ್ಷರ ಒಡೆಯುವುದು ವೈರಸ್‌ನಿಂದ ಅಲ್ಲ, ಆದರೆ ವೈರಸ್ ಒಳಬರುವುದು ಇಂಥ ಫೈಲುಗಳಿಂದಲೇ.

ಹಾಗಾದರೆ ಅಕ್ಷರ ಒಡೆಯುವುದು ಯಾಕೆ?

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಸಂಖ್ಯೆ ಯಾವ ಅಕ್ಷರ ಎಂದು ಜಗತ್ತೆಲ್ಲ ಒಪ್ಪಿಕೊಂಡ ಪಟ್ಟಿಗೆ ಯೂನಿಕೋಡ್ ಎನ್ನುತ್ತಾರೆ. ಅದರಲ್ಲಿ ಕನ್ನಡಕ್ಕೆಂದೇ 128 ಮನೆಗಳ ಒಂದು ಓಣಿ ಇದೆ. ಆದರೆ ಈ ಪಟ್ಟಿ ಬಳಕೆಗೆ ಬರುವ ಮೊದಲೇ ನಮ್ಮ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ನುಡಿ, ಬರಹದಂಥ ತಂತ್ರಾಂಶಗಳು ಬಂದಿದ್ದವು. ಆಗಿನ ಉಪಾಯ ಸರಳ: ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಇದ್ದ ಸಂಖ್ಯೆಗಳನ್ನೇ ಇಟ್ಟುಕೊಂಡು, ಮೇಲೆ ಕನ್ನಡದ ಚಿತ್ರ ಹೊದಿಸುವುದು. ಹಳೆಯ ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಒಳಗೆ ಉಳಿಯುವುದು ದೊಡ್ಡ ‘ಪಿ’, ಗೀಟಿನ ‘ಎ’, ಪೌಂಡ್ ಚಿಹ್ನೆ, ಮತ್ತೊಂದು ‘ಎ’, ಜರ್ಮನ್ನರ ಒಂದು ಅಕ್ಷರ, ಸಣ್ಣ ‘ಕ್ಯೂ’, ಮತ್ತೆ ‘ಎ’. ಹೊದಿಕೆ ಇರುವವರೆಗೆ ಕನ್ನಡ. ಬೇರೆ ಫೋನಿಗೆ ಹೋದ ಕೂಡಲೇ ಹೊದಿಕೆ ಜಾರಿ ಒಳಗಿನದು ಕಾಣುತ್ತದೆ. ನಿಮ್ಮ ಫೋನು ಹಾಳಾಗಿಲ್ಲ, ಅದು ಇದ್ದದ್ದನ್ನೇ ತೋರಿಸುತ್ತಿದೆ.

ಚೌಕ ಡಬ್ಬಿಯ ಕಥೆ ಬೇರೆ. ಅಲ್ಲಿ ಸಂಖ್ಯೆ ಸರಿಯಿದೆ, ಅದಕ್ಕೆ ತಕ್ಕ ಚಿತ್ರ ಫೋನಿನಲ್ಲಿಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ ಇದು ಮಾಮೂಲಿಯಾಗಿತ್ತು. ಆಗ ಒಪೆರಾ ಮಿನಿ ಬ್ರೌಸರಿನ ಸೆಟ್ಟಿಂಗಿನಲ್ಲಿ ಒಂದು ಗುಟ್ಟಿನ ಆಯ್ಕೆ ಇತ್ತು. ಅದನ್ನು ಆನ್ ಮಾಡಿದರೆ ಕನ್ನಡ ಅಕ್ಷರಗಳು ಚಿತ್ರವಾಗಿ ಬಂದು ಕೂರುತ್ತಿದ್ದವು. ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಫಾಂಟ್ ಮೊದಲೇ ಇರುತ್ತದೆ. ಇನ್ನೂ ಡಬ್ಬಿ ಕಾಣುತ್ತಿದ್ದರೆ ಸಾಮಾನ್ಯವಾಗಿ ತಪ್ಪು ಆ ಪುಟದ್ದು.

ಅಕ್ಷರವೊಂದು ಫೋನನ್ನೇ ಕೆಡಿಸುತ್ತದೆ ಎಂಬ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ ಎನ್ನುವುದನ್ನೂ ಇಲ್ಲಿ ಹೇಳಿಬಿಡಬೇಕು. 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದು ಒತ್ತಕ್ಷರ ಬಂದರೆ ಸಾಕು, ಐಫೋನಿನ ಮೆಸೇಜ್ ಆ್ಯಪ್ ಮುಚ್ಚಿಹೋಗುತ್ತಿತ್ತು. ಅದು ವೈರಸ್ ಆಗಿರಲಿಲ್ಲ. ನಮ್ಮ ಲಿಪಿಗಳ ಒತ್ತನ್ನು ಜೋಡಿಸುವ ಕೆಲಸದಲ್ಲಿ ಆ್ಯಪಲ್ ಮಾಡಿದ್ದ ತಪ್ಪು. ಅದೇ ತಿಂಗಳು 11.2.6 ಅಪ್‌ಡೇಟ್ ಕೊಟ್ಟು ಸರಿಮಾಡಿದರು. ಅದರ ಹೆದರಿಕೆ ಈಗ ಬೇಕಿಲ್ಲ.

ಒಂದು ಫೋನಿನಲ್ಲಿ ಸರಿ, ಇನ್ನೊಂದರಲ್ಲಿ ಗೊಂದಲ

ಪುಟವನ್ನು ಪರದೆ ಮೇಲೆ ಬಿಡಿಸುವ ಯಂತ್ರ ಎಲ್ಲ ಬ್ರೌಸರಿಗೂ ಒಂದೇ ಅಲ್ಲ. ಕ್ರೋಮ್, ಎಡ್ಜ್, ಸ್ಯಾಮ್‌ಸಂಗ್ ಬ್ರೌಸರಿಗೆ ಒಂದು, ಫೈರ್‌ಫಾಕ್ಸಿಗೆ ಇನ್ನೊಂದು, ಆ್ಯಪಲ್‌ನ ಸಫಾರಿಗೆ ಮತ್ತೊಂದು. ಭಾರತದಲ್ಲಿ ಮಾರುವ ಐಫೋನಿನಲ್ಲಿ ಕ್ರೋಮ್ ಹಾಕಿದರೂ ಒಳಗೆ ಓಡುವುದು ಸಫಾರಿಯ ಯಂತ್ರವೇ. ಹಾಗಾಗಿ ‘ಬೇರೆ ಬ್ರೌಸರಿನಲ್ಲಿ ತೆರೆದು ನೋಡಿ’ ಎಂಬ ಸಲಹೆ ಆಂಡ್ರಾಯ್ಡಿನಲ್ಲಿ ಕೆಲವೊಮ್ಮೆ ಫಲಿಸುತ್ತದೆ, ಐಫೋನಿನಲ್ಲಿ ಅಷ್ಟಾಗಿ ಇಲ್ಲ.

ತೊಂದರೆಯ ಬೇರು ಮಾತ್ರ ಬಹುತೇಕ ಬ್ರೌಸರಿನಲ್ಲಿಲ್ಲ, ಪುಟ ಮಾಡಿದವರ ಅಂದಾಜಿನಲ್ಲಿದೆ. ಪುಟವನ್ನು ಇಂಗ್ಲಿಷಿಗೆ ಅಳತೆ ಮಾಡಿ ಹೊಲಿದಿರುತ್ತಾರೆ, ಆಮೇಲೆ ಅದೇ ಅಂಗಿಯನ್ನು ಕನ್ನಡಕ್ಕೆ ತೊಡಿಸುತ್ತಾರೆ. ಇಂಗ್ಲಿಷ್ ಅಕ್ಷರ ಗೆರೆಯ ಕೆಳಗೆ ಹೆಚ್ಚು ಇಳಿಯುವುದಿಲ್ಲ. ನಮ್ಮ ಒತ್ತಕ್ಷರ ಇಳಿಯುತ್ತದೆ, ‘ರಾಷ್ಟ್ರ’, ‘ಸ್ತ್ರೀ’ಯಲ್ಲಿ ಎರಡು ಅಂತಸ್ತು ಇಳಿಯುತ್ತದೆ. ಬಟನ್ನಿನ ಎತ್ತರ ಇಷ್ಟೇ ಎಂದು ಗೂಟ ಹೊಡೆದಿದ್ದರೆ ಒತ್ತು ಕತ್ತರಿಸಿ ಹೋಗುತ್ತದೆ. ‘ಹಳ್ಳಿ’ ಹೋಗಿ ‘ಹಳಿ’ ಆಗುತ್ತದೆ, ‘ಮಗ್ಗ’ ಹೋಗಿ ‘ಮಗ’ ಆಗುತ್ತದೆ. ಕಣ್ಣು ಮಂದವಾದ ಹಿರಿಯರು ಅಕ್ಷರದ ಗಾತ್ರ ಹೆಚ್ಚಿಸಿಕೊಂಡಾಗಲಂತೂ ಇದು ಎದ್ದು ಕಾಣುತ್ತದೆ: ಅಕ್ಷರ ಬೆಳೆಯಿತು, ಡಬ್ಬಿ ಬೆಳೆಯಲಿಲ್ಲ.

ಸರಿಮಾಡುವುದು ಕಷ್ಟದ ಕೆಲಸವಲ್ಲ. ಎತ್ತರಕ್ಕೆ ಗೂಟ ಹೊಡೆಯಬಾರದು, ಸಾಲುಗಳ ನಡುವೆ ಅಕ್ಷರದ ಒಂದೂವರೆ ಪಟ್ಟಿಗೂ ಹೆಚ್ಚು ಜಾಗ ಬಿಡಬೇಕು, ಕನ್ನಡ ಫಾಂಟನ್ನು ಪುಟದ ಜೊತೆಗೇ ಕಳಿಸಬೇಕು. ಆಮೇಲೆ ಮೂರು ಯಂತ್ರಗಳಲ್ಲೂ, ಒಂದು ಕಡಿಮೆ ಬೆಲೆಯ ಸಣ್ಣ ಫೋನಿನಲ್ಲೂ ತೆರೆದು ನೋಡಬೇಕು. ಎರಡು ಸಾವಿರದ ದಶಕದಲ್ಲಿ ಎಷ್ಟೋ ಪುಟಗಳ ಕೆಳಗೆ ‘ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ ಮಾತ್ರ ಸರಿಯಾಗಿ ಕಾಣುತ್ತದೆ’ ಎಂದು ಬರೆದಿರುತ್ತಿತ್ತು. ಆ ಬ್ರೌಸರನ್ನು ಮೈಕ್ರೋಸಾಫ್ಟ್ 2022ರ ಜೂನ್‌ನಲ್ಲಿ ನಿವೃತ್ತಿ ಮಾಡಿತು. ಬರೆದವರ ಮನೋಭಾವ ಮಾತ್ರ ಇನ್ನೂ ಸೇವೆಯಲ್ಲಿದೆ.

ಕಣ್ಣು ಕಾಣದವರು ಫೋನು ಹೇಗೆ ಓದುತ್ತಾರೆ?

ಆಂಡ್ರಾಯ್ಡಿನಲ್ಲಿ ಟಾಕ್‌ಬ್ಯಾಕ್ ಎಂಬ ಸೌಲಭ್ಯವಿದೆ. ಪರದೆ ಮೇಲೆ ಬೆರಳಿಟ್ಟಲ್ಲಿ ಇರುವುದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಅದು ಓದುವುದು ಚಿತ್ರವನ್ನಲ್ಲ, ಒಳಗಿರುವ ಸಂಖ್ಯೆಯನ್ನು. ಈಗ ಹಳೆಯ ನುಡಿ ಫಾಂಟಿನ ಆದೇಶವನ್ನು ನೆನಪಿಸಿಕೊಳ್ಳಿ. ನಮ್ಮ ಕಣ್ಣಿಗೆ ಚೆಂದದ ಕನ್ನಡ, ಕಣ್ಣು ಕಾಣದವರ ಕಿವಿಗೆ ‘ಪಿ, ಎ, ಪೌಂಡ್’. ಆದೇಶವನ್ನು ಸ್ಕ್ಯಾನ್ ಮಾಡಿ ಹಾಕಿದ್ದರೆ ಅದೂ ಇಲ್ಲ, ಬರೀ ‘ಇಮೇಜ್’ ಎಂದು ಹೇಳಿ ಸುಮ್ಮನಾಗಬಹುದು. ಕೊನೆಯ ದಿನಾಂಕ ಯಾವುದೆಂದು ತಿಳಿಯಲು ಯಾರನ್ನಾದರೂ ಕೇಳಬೇಕು.

ಯಾದಗಿರಿ ಜಿಲ್ಲೆಯಲ್ಲಿ ಈ ಮಾತಿಗೆ ತೂಕ ಹೆಚ್ಚು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇಕಡಾ 52ರ ಆಸುಪಾಸು, ರಾಜ್ಯದಲ್ಲೇ ಅತಿ ಕಡಿಮೆ. ಓದಲು ಬಾರದವರಿಗೂ ಫೋನು ಓದಿ ಹೇಳಿದರೆ ಉಪಯೋಗವೇ. ಪುಟ ಓದಿಸಿಕೊಳ್ಳುವಂತಿಲ್ಲದಿದ್ದರೆ ಶಹಾಪುರದಲ್ಲೋ ಸುರಪುರದಲ್ಲೋ ಆನ್‌ಲೈನ್ ಅಂಗಡಿ ಮುಂದೆ ನಿಲ್ಲಬೇಕು, ಆಧಾರ್ ಕೊಡಬೇಕು, ಬಂದ ಒಟಿಪಿಯನ್ನೂ ಬಾಯಿಬಿಟ್ಟು ಹೇಳಬೇಕು. ಒಟಿಪಿ ಯಾರಿಗೂ ಹೇಳಬೇಡಿ ಎಂದು ಒಂದು ಕಡೆ ಜಾಹೀರಾತು, ಹೇಳದೆ ವಿಧಿಯಿಲ್ಲದಂಥ ಪುಟ ಇನ್ನೊಂದು ಕಡೆ. ಅಂಗಡಿಯವರು ಪ್ರಾಮಾಣಿಕರೇ ಇರಬಹುದು. ಆದರೆ ಗುಟ್ಟು ಗುಟ್ಟಾಗಿ ಉಳಿಯುವುದು ಅವರ ಒಳ್ಳೆಯತನದ ಮೇಲೆ ನಿಂತಿರಬಾರದು.

ಊರಿನ ಹೆಸರೂ ಒಂದು ಅಡ್ಡಿ. ನಾವು ಸುರಪುರ ಎನ್ನುತ್ತೇವೆ. ಬ್ರಿಟಿಷರ ಕಾಲದಿಂದ ಇಂಗ್ಲಿಷ್ ದಾಖಲೆಗಳಲ್ಲಿ ಅದು ‘ಶೋರಾಪುರ’. ವಿಧಾನಸಭಾ ಕ್ಷೇತ್ರದ ಇಂಗ್ಲಿಷ್ ಹೆಸರೂ ಹಾಗೇ ಇದೆ. ಇಂಗ್ಲಿಷ್ ಪಟ್ಟಿಯಲ್ಲಿ ‘ಸುರ’ ಎಂದು ಹುಡುಕಿದವರಿಗೆ ತಮ್ಮ ತಾಲೂಕೇ ಸಿಗದೆ ಹೋಗಬಹುದು. ಎರಡೂ ಕಾಗುಣಿತಕ್ಕೆ ಓಗೊಡುವಂತೆ ಪಟ್ಟಿ ಮಾಡುವುದು ಕೆಲವೇ ನಿಮಿಷದ ಕೆಲಸ.

ಕಾನೂನು ಏನು ಹೇಳುತ್ತದೆ?

ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಮಾಹಿತಿ ಎಲ್ಲರಿಗೂ ಬಳಸಲು ಬರುವ ರೂಪದಲ್ಲಿ ಸಿಗುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು. ಸರ್ಕಾರಿ ವೆಬ್‌ಸೈಟ್‌ಗಳಿಗೆ 2009ರಿಂದಲೇ ಕೇಂದ್ರದ ಮಾರ್ಗಸೂಚಿ ಇದೆ, ಮೂರನೇ ಆವೃತ್ತಿ 2023ರಲ್ಲಿ ಬಂದಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಆ್ಯಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿ ಇಲ್ಲದವರು ತಂದ ಪ್ರಕರಣ ಅದು. ಆನ್‌ಲೈನ್ ಕೆವೈಸಿಯಲ್ಲಿ ‘ಕಣ್ಣು ಮಿಟುಕಿಸಿ’ ಎಂದರೆ ಕಣ್ಣು ಕಳೆದುಕೊಂಡವರು ಏನು ಮಾಡಬೇಕು ಎಂಬುದು ಪ್ರಶ್ನೆ. ಡಿಜಿಟಲ್ ಸೇವೆ ಎಲ್ಲರಿಗೂ ಎಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು ಕೋರ್ಟ್ ಹೇಳಿತು. ಅಂದರೆ ಓದಲಾಗದ ಪುಟದ ಬಗ್ಗೆ ದೂರು ಕೊಡುವವರು ಉಪಕಾರ ಕೇಳುತ್ತಿಲ್ಲ. ಕಾಯ್ದೆಯಡಿ ನೇಮಕವಾಗುವ ರಾಜ್ಯ ಆಯುಕ್ತರಿಗೆ ಬರೆಯಬಹುದು.

ನೀವು ಇವತ್ತೇ ಮಾಡಬಹುದಾದದ್ದು

ಎರಡು ಬೆರಳಿನಲ್ಲಿ ಹಿಗ್ಗಿಸಿದರೂ ಪುಟ ದೊಡ್ಡದಾಗದಿದ್ದರೆ ಕ್ರೋಮ್ ಸೆಟ್ಟಿಂಗ್ಸ್‌ನ ‘ಆ್ಯಕ್ಸೆಸಿಬಿಲಿಟಿ’ಗೆ ಹೋಗಿ ‘ಫೋರ್ಸ್ ಎನೇಬಲ್ ಝೂಮ್’ ಆನ್ ಮಾಡಿ. ಮನೆಯಲ್ಲಿ ಓದಲು ಕಷ್ಟಪಡುವ ಹಿರಿಯರಿದ್ದರೆ ಫೋನಿನ ಆ್ಯಕ್ಸೆಸಿಬಿಲಿಟಿಯಲ್ಲಿರುವ ‘ಸೆಲೆಕ್ಟ್ ಟು ಸ್ಪೀಕ್’ ತೋರಿಸಿಕೊಡಿ. ಅದು ಟಾಕ್‌ಬ್ಯಾಕ್‌ನಷ್ಟು ಗೋಜಲಲ್ಲ, ಮುಟ್ಟಿದ್ದನ್ನಷ್ಟೇ ಓದುತ್ತದೆ. ಕನ್ನಡದ ಧ್ವನಿ ಇಲ್ಲದಿದ್ದರೆ ಟೆಕ್ಸ್ಟ್ ಟು ಸ್ಪೀಚ್ ಸೆಟ್ಟಿಂಗಿನಲ್ಲಿ ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ಸಾಕು. ಫೋಟೋ ರೂಪದಲ್ಲಿ ಬಂದ ನೋಟೀಸಿನ ಅಕ್ಷರಗಳನ್ನು ಗೂಗಲ್ ಲೆನ್ಸ್ ಬಿಡಿಸಿ ಕೊಡುತ್ತದೆ, ಅಲ್ಲಲ್ಲಿ ತಪ್ಪಿನೊಂದಿಗೆ. ದಿನಾಂಕ, ಮೊತ್ತವನ್ನು ಇನ್ನೊಮ್ಮೆ ನೋಡಿಕೊಳ್ಳಿ.

ನೋಟೀಸಿನ ಫೋಟೋ ಫಾರ್ವರ್ಡ್ ಮಾಡುವಾಗ ಕೆಳಗೆ ಎರಡು ಸಾಲು ಟೈಪ್ ಮಾಡಿ: ಯಾರಿಗೆ, ಏನು, ಕೊನೆಯ ದಿನ ಯಾವುದು. ಶುಭೋದಯದ ಜೊತೆ ಹದಿನೈದು ಗುಲಾಬಿ ಹಾಕುವವರಿಗೂ ಒಂದು ಮಾತು. ಟಾಕ್‌ಬ್ಯಾಕ್ ಎಮೋಜಿಗಳ ಹೆಸರನ್ನೂ ಗಟ್ಟಿಯಾಗಿ ಓದುತ್ತದೆ.

ಕಚೇರಿಯಲ್ಲೋ ಡಿಟಿಪಿ ಅಂಗಡಿಯಲ್ಲೋ ಟೈಪ್ ಮಾಡುವವರು ನೀವಾದರೆ, ನುಡಿ ಬಿಡಬೇಕಾಗಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಹಾಗೇ ಇರುತ್ತದೆ, ಬೆರಳಿಗೆ ಹೊಸ ಪಾಠ ಬೇಡ. ನುಡಿಯ ಈಗಿನ ಆವೃತ್ತಿಯಲ್ಲಿ ಯೂನಿಕೋಡ್ ಆಯ್ಕೆ ಮಾಡಿ. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡುವ ಬದಲು ಫೈಲನ್ನೇ ಪಿಡಿಎಫ್ ಆಗಿ ಉಳಿಸಿ, ಕಳಿಸುವ ಮುನ್ನ ಅದರಿಂದ ಒಂದು ಸಾಲು ಕಾಪಿ ಮಾಡಿ ನಿಮ್ಮದೇ ವಾಟ್ಸಾಪ್‌ಗೆ ಹಾಕಿ ನೋಡಿ. ಅಲ್ಲಿ ಕನ್ನಡವಾಗಿಯೇ ಬಂದರೆ ಕಳಿಸಬಹುದು.